ಒಂದು ಬಟ್ಟಲು ಅನ್ನ ಕಡಿಮೆ

ಫೂ ಹಾ ಹಳ್ಳಿ, ತಾಯ್ ಬಿನ್
2 ಮೇ 1991

ತಂಗಿ ಮಿಯೆನ್,

ಹೇಗಿದ್ದೀಯಮ್ಮ? ಚಳಿಜ್ವರ ಮತ್ತೆ ಮರುಕಳಿಸಲಿಲ್ಲ ತಾನೆ? ನಿನ್ನ ಗಂಡ ಜೌನ ಮರದ ಕಾಲಿನ ಪಟ್ಟಿ ತೊಡೆಗೆ ಒತ್ತಿ ಹುಣ್ಣಾಗಿದೆ ಎಂದಿದ್ದೆ, ವಾಸಿಯಾಯಿತೆ? ತಿಯೆನ್ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾನಾ? ಪುಟ್ಟಿ ಹ್ವೆಗೆ ಮುಂದಿನ ಹಲ್ಲು ಬಂತೆ? ಹೊಸವರ್ಷದ ಟೆಟ್ ಹಬ್ಬಕ್ಕೆ ಮೊದಲೇ ಗುಡ್ಡದ ಮನೆ ಬಿಟ್ಟು ರಸ್ತೆ ಪಕ್ಕದ ಹೊಸ ಮನೆಗೆ ಬಂದೆವು ಎಂದು ಎರಡು ಸಾಲು ಬರೆದವಳು ಆಮೇಲೆ ಸುದ್ದಿಯೇ ಇಲ್ಲ. ‘ನಿಮ್ಮ ತಂಗಿ ಕಾಗದ ಬರೆಯೋದು ನೋಡಿದ್ರೆ ಅಕ್ಷರಕ್ಕೊಂದು ಹಲ್ಲು ಕೀಳ್ತಾರೇನೋ’ ಎಂದು ನಿನ್ನ ಅತ್ತಿಗೆ ಲೊವಾನ್ ನಗುತ್ತಾಳೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ನನಗೆ ಅರವತ್ತೊಂದು ತುಂಬಿತು, ಆದರೂ ಸೈಕಲ್ ಬಿಟ್ಟಿಲ್ಲ. ಯುದ್ಧಕ್ಕೆ ಹೋಗಿ ಹಿಂತಿರುಗದವರ ಮನೆಗಳಿಗೆ ಹೋಗುವುದು, ಅವರ ಪರವಾಗಿ ಸ್ಮಶಾನದ ಕಾವಲುಗಾರರಿಗೆ ಪತ್ರ ಬರೆಯುವುದು, ತಿಥಿಯ ದಿನ ಹೋಗಿ ಜೊತೆಯಲ್ಲಿ ಕೂರುವುದು, ಈಗ ಇದೇ ನನ್ನ ಕೆಲಸ. ಆಗ ಮರಣದ ಕಾಗದಗಳನ್ನು ಮನೆಮನೆಗೆ ತಲುಪಿಸಿದವನೂ ನಾನೇ ಅಲ್ಲವೆ. ‘ಅಳಿಸಿ ಬಂದೋರೇ ಕಣ್ಣೊರೆಸೋಕೆ ಹೋಗ್ತಾರೆ ನೋಡು’ ಎಂದು ಲೊವಾನ್ ಹಂಗಿಸುತ್ತಾಳೆ. ಹಂಗಿಸಿದರೂ ನನ್ನ ಚೀಲಕ್ಕೆ ಒಂದು ಪೊಟ್ಟಣ ಚಹಾಪುಡಿ ಹಾಕುವುದನ್ನು ಮರೆಯುವುದಿಲ್ಲ. ನಿನಗೆ ನೆನಪಿರಬೇಕು, ಆಗ ನನ್ನ ಸೈಕಲ್ ಗಂಟೆ ಕೇಳಿದರೆ ಸಾಕು, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರೆಲ್ಲ ಸೊಂಟ ನೇರ ಮಾಡಿ, ನಾನು ಯಾವ ಓಣಿಗೆ ತಿರುಗುತ್ತೇನೆಂದು ನೋಡುತ್ತಾ ನಿಂತುಬಿಡುತ್ತಿದ್ದರು. ಅದಕ್ಕೇ ಒಂದು ದಿನ ಗಂಟೆ ಬಿಚ್ಚಿಟ್ಟೆ.

ಕಳೆದ ತಿಂಗಳು ನೇಕಾರರ ಓಣಿಯ ಸಿಮ್‌ಳ ಜೊತೆ ಹೋಗಿ ಅವಳ ಗಂಡನ ಮೂಳೆಗಳನ್ನು ತಂದೆವು. ಬಸ್ಸಿನಲ್ಲಿ ಚೀಲ ಅವಳ ಮಡಿಲಲ್ಲಿತ್ತು. ಪ್ರತಿಯೊಂದು ಹೊಳೆ ಬಂದಾಗಲೂ ಬಗ್ಗಿ, ‘ಸೇತುವೆ ಬಂತು, ಗಟ್ಟಿಯಾಗಿ ಹಿಡ್ಕೊಳ್ಳಿ’ ಎಂದು ಹೇಳುತ್ತಿದ್ದಳು. ಹೇಳದಿದ್ದರೆ ಸತ್ತವರು ನೀರು ದಾಟಲಾರದೆ ಆಚೆ ದಡದಲ್ಲೇ ಉಳಿದುಬಿಡುತ್ತಾರಲ್ಲ. ಡ್ರೈವರ್ ಕೂಡ ಸೇತುವೆಗಳ ಮೇಲೆ ನಿಧಾನ ಮಾಡಿದ.

ಒಂದು ವಿಚಿತ್ರ ಸಂಗತಿ. ಕೊಳದ ಆಚೆಯ ತಾಕ್‌ನ ಅಮ್ಮ, ಯುದ್ಧಕ್ಕೆ ಹೋದ ಮಗನನ್ನು ಇನ್ನೂ ಕಾಯುತ್ತಿದ್ದಾರಲ್ಲ, ಅವರಿಗೀಗ ಎಪ್ಪತ್ತೆರಡು, ಚಾಂದ್ರಮಾನದ ಮೂರನೇ ತಿಂಗಳ ಆರನೇ ದಿನ ನಡುಮಧ್ಯಾಹ್ನ ಒಂದು ಬಟ್ಟಲು ಏಡಿ ಸಾರು ಹಿಡಿದು ನಮ್ಮ ಮನೆಗೆ ಬಂದರು. ಪ್ರತಿ ವರ್ಷ ಆ ದಿನ ಯಾಕೋ ಏಡಿ ಸಾರು ಮಾಡಬೇಕು ಅನ್ನಿಸುತ್ತದಂತೆ, ಮಾಡಿ ತಾವೇ ಉಣ್ಣುತ್ತಿದ್ದರಂತೆ. ಈ ಸಲ ಬಟ್ಟಲನ್ನು ನನ್ನ ಕೈಗೆ ಕೊಡದೆ ಜಗುಲಿಯ ಖಾಲಿ ಮೂಲೆಯಲ್ಲಿಟ್ಟು, ‘ತಾಕ್ ಬಂದ್ರೆ ಕೊಡು. ಈಗ ಇಲ್ಲೇ ತಾನೆ ಅವನ ಊಟ’ ಎಂದರು. ಹಾಗೆಂದು ಏನೂ ಆಗದವರಂತೆ ಹೊರಟುಹೋದರು.

ವಯಸ್ಸಾಯಿತು ಎಂದುಕೊಂಡು ನಕ್ಕೆ. ಲೊವಾನ್ ನಗಲಿಲ್ಲ. ಟೆಟ್ ಆದಾಗಿನಿಂದ ಮಧ್ಯಾಹ್ನದ ಪಾತ್ರೆಯಲ್ಲಿ ಒಂದು ಬಟ್ಟಲು ಅನ್ನ ಕಡಿಮೆ ಬೀಳುತ್ತಿದೆ. ಅಕ್ಕಿ ಅಳೆಯುವ ಡಬ್ಬಿ ಅದೇ, ಉಣ್ಣುವವರು ಅವರೇ ಇಬ್ಬರು. ನಾನು ಕದ್ದು ತಿನ್ನುತ್ತೇನೆಂದು ಇಷ್ಟು ದಿನ ಜಗಳವಾಡುತ್ತಿದ್ದಳು. ಅಂದಿನಿಂದ ಜಗಳ ನಿಲ್ಲಿಸಿದ್ದಾಳೆ.

ಇದನ್ನೆಲ್ಲ ನಿನಗೆ ಯಾಕೆ ಬರೆದೆನೋ. ನೀನೂ ತಾಕ್‌ನೂ ಒಂದೇ ಹೊಳೆ ದಾಟಿ ಶಾಲೆಗೆ ಹೋದವರಲ್ಲವೆ, ಅದಕ್ಕೇ ಇರಬೇಕು.

ನಿನ್ನ ಅಣ್ಣ,
ಲುಯೆನ್

* * *

ಹನ್ನೆರಡನೇ ಕಿಲೋಮೀಟರ್ ಕಲ್ಲು, ಡಾಕ್ ಲಾಕ್
26 ಮೇ 1991

ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅವರ ಹುಣ್ಣು ಮಾಗಿದೆ. ಹ್ವೆಗೆ ಒಂದು ಹಲ್ಲು ಬಂದಿದೆ, ಇನ್ನೊಂದು ಬರಬೇಕು. ಮಳೆ ಹಿಡಿದಿದೆ, ಕಾಫಿ ಗಿಡಗಳ ಬುಡದ ಕೆಂಪು ಮಣ್ಣೆಲ್ಲ ಮನೆಯೊಳಗೇ ಇದೆ. ಎಷ್ಟು ಗುಡಿಸಿದರೂ ಹೋಗುವುದಿಲ್ಲ.

ಅನ್ನ ಕಡಿಮೆಯಾಗುವುದು ಟೆಟ್ ಆದಮೇಲೆ ಎಂದು ಬರೆದಿದ್ದೀರಿ. ಯಾವ ದಿನದಿಂದ? ಅತ್ತಿಗೆಯನ್ನು ಸರಿಯಾಗಿ ಕೇಳಿ ಬರೆಯಿರಿ. ನಾಯಿ ವೆನ್ ಬೊಗಳುತ್ತದೆಯೆ?

ಬೇರೇನೂ ಇಲ್ಲ.

ಮಿಯೆನ್

* * *

ಫೂ ಹಾ
24 ಜೂನ್ 1991

ತಂಗಿ ಮಿಯೆನ್,

ನಿನ್ನ ಕಾಗದ ಕೊಯ್ಲಿನ ನಡುವೆ ಬಂತು. ಬತ್ತ ಒಣಗಿಸಿ ಮುಗಿಸಿ ಈಗ ಕೂತಿದ್ದೇನೆ.

ಟೆಟ್ ಹಬ್ಬದ ನಾಲ್ಕನೇ ದಿನದಿಂದ. ಸತ್ತ ಹಿರಿಯರನ್ನು ಬೀಳ್ಕೊಟ್ಟು ಹಬ್ಬದ ತಟ್ಟೆಗಳನ್ನು ಪೀಠದಿಂದ ಇಳಿಸಿದ ಮರುದಿನವೇ ಅನ್ನ ಸಾಲಲಿಲ್ಲವಂತೆ, ಅದಕ್ಕೇ ನಿನ್ನ ಅತ್ತಿಗೆಗೆ ಚೆನ್ನಾಗಿ ನೆನಪಿದೆ. ವೆನ್ ಬೊಗಳುವುದಿಲ್ಲ. ಮಧ್ಯಾಹ್ನವಾಗುತ್ತಲೇ ಗೇಟಿನ ಹತ್ತಿರ ಹೋಗಿ ಬಾಲ ಆಡಿಸುತ್ತಾ ನಿಲ್ಲುತ್ತದೆ. ಆಮೇಲೆ ಜಗುಲಿಯ ಆ ಖಾಲಿ ಮೂಲೆಗೆ ಹೋಗಿ, ಯಾರದೋ ಪಾದದ ಮೇಲೆ ತಲೆಯಿಟ್ಟ ಹಾಗೆ ಮಲಗುತ್ತದೆ.

ನಿನಗೆ ನಗು ಬರಬಹುದು. ನಮಗೆ ಬರುತ್ತಿಲ್ಲ. ಬತ್ತ ಹರಡಲು ಅಂಗಳದ ಇಟ್ಟಿಗೆ ಹಾಸನ್ನು ತೊಳೆದಿದ್ದೆವು. ಬಿಸಿಲಿಗೆ ಒಣಗಿದ ಮೇಲೆ ನೋಡಿದರೆ ಗೇಟಿನಿಂದ ಜಗುಲಿಯವರೆಗೆ ಬರಿಗಾಲಿನ ಗುರುತು, ಕೆಂಪು ಧೂಳಿನದು. ನಮ್ಮ ಸೀಮೆಯಲ್ಲಿ ಬೂದುಬಣ್ಣದ ಕೆಸರು ಬಿಟ್ಟರೆ ಬೇರೆ ಮಣ್ಣೆಲ್ಲಿದೆ? ನಿನ್ನ ಕಾಗದದ ಮಡಿಕೆಯಲ್ಲಿ ಅಂಥದೇ ಧೂಳಿತ್ತು, ಅದೇ ಉದುರಿರಬೇಕು ಎಂದು ಲೊವಾನ್‌ಗೆ ಹೇಳಿದೆ. ‘ಕಾಗದಕ್ಕೆ ಕಾಲಿದೆಯಾ?’ ಎಂದಳು. ಮೊನ್ನೆ ಊಟಕ್ಕೆ ಕೂತಾಗ ನೋಡುತ್ತೇನೆ, ಅವಳು ಚಾಪೆಯ ಮೇಲೆ ಮೂರು ಜೊತೆ ಊಟದ ಕಡ್ಡಿ ಇಟ್ಟಿದ್ದಾಳೆ. ಕೇಳಿದರೆ ತನಗೆ ಗೊತ್ತೇ ಆಗಲಿಲ್ಲವಂತೆ. ಮೂರನೇ ಜೊತೆಯನ್ನು ತೆಗೆಯಲು ಇಬ್ಬರಿಗೂ ಕೈ ಬರಲಿಲ್ಲ.

ಮಿಯೆನ್, ಯಾರಿಗೂ ಹೇಳದ ಒಂದು ವಿಷಯವನ್ನು ಹೇಳುತ್ತೇನೆ. ಕಾಗದವನ್ನು ಮಕ್ಕಳ ಮುಂದೆ ಓದಬೇಡ.

ಎಪ್ಪತ್ತೆರಡರ ಅಕ್ಟೋಬರಿನಲ್ಲಿ ತಾಕ್‌ನ ತಮ್ಮ ತ್ವೆಯ ಮರಣದ ಕಾಗದವನ್ನು ನಾನೇ ಅವರಮ್ಮನಿಗೆ ಕೊಟ್ಟೆ. ಹತ್ತೊಂಬತ್ತು ವರ್ಷದ ಹುಡುಗ. ಆಕೆ ನಲವತ್ತು ದಿನ ಅನ್ನ ಮುಟ್ಟಲಿಲ್ಲ. ಎರಡು ಸಲ ಕೊಳದಿಂದ ಎಳೆದು ತಂದೆವು. ಆ ನಲವತ್ತು ದಿನ ಮುಗಿಯುವ ಮೊದಲೇ ತಾಕ್‌ನ ಕಾಗದವೂ ಬಂತು. ಸೈಕಲ್ ಹತ್ತಿ ಅವರ ಓಣಿಯ ತಿರುವಿನವರೆಗೂ ಹೋದೆ. ಆಕೆ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದು ನಿಂತಿದ್ದರು, ಅಂದೇ ಮೊದಲ ಸಲ ಎರಡು ಗುಟುಕು ಗಂಜಿ ಕುಡಿದಿದ್ದರಂತೆ. ನಾನು ಹಿಂದಿರುಗಿದೆ. ಈ ಕೊಯ್ಲು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡು ಕಾಗದವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಹಾಕಿದೆ. ಸೈಕಲ್ ಗಂಟೆ ಬಿಚ್ಚಿದ್ದು ಆ ದಿನವೇ, ಗದ್ದೆಯ ಹೆಂಗಸರಿಗಾಗಿ ಅಲ್ಲ. ಗಂಟೆಯೂ ಅದೇ ಡಬ್ಬಿಯಲ್ಲಿದೆ. ಡಿಸೆಂಬರಿನಲ್ಲಿ ಬಾಂಬು ಬಿದ್ದು ಊರ ಕಚೇರಿಯ ದಾಖಲೆಗಳೆಲ್ಲ ಸುಟ್ಟವು. ಆಮೇಲೆ ತಾಕ್ ಸತ್ತನೆಂದು ಹೇಳುವ ಕಾಗದ ಈ ಊರಿನಲ್ಲಿ ಅದೊಂದೇ, ಗೊತ್ತಿದ್ದವನು ನಾನೊಬ್ಬನೇ.

ವರ್ಷಕ್ಕೆ ಎರಡು ಕೊಯ್ಲು. ಈ ಜೂನಿನದು ಸೇರಿ ಮೂವತ್ತೇಳು ಆಯಿತು.

ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದೆ. ಆಕೆ ಬದುಕಿದರು, ಕಾಯುತ್ತಾ ಬದುಕಿದರು. ಆದರೆ ಬದುಕಿರುವ ಮಗನಿಗೆ ಯಾವ ತಾಯಿಯಾದರೂ ಊದುಬತ್ತಿ ಹಚ್ಚುತ್ತಾಳೆಯೆ? ಹಚ್ಚಿದರೆ ಅವನ ಆಯುಸ್ಸು ಸುಟ್ಟ ಹಾಗಲ್ಲವೆ? ತಮ್ಮ ತ್ವೆಗೆ ವರ್ಷ ವರ್ಷ ತಿಥಿ, ಅನ್ನ, ಮೊಟ್ಟೆ, ಬಟ್ಟೆ ಎಲ್ಲ ಸಿಕ್ಕಿತು. ಅಣ್ಣನಿಗೆ ಒಂದು ಅಗುಳೂ ಇಲ್ಲ. ಊರೂರಿನ ಸತ್ತವರಿಗೆ ಅನ್ನದ ದಾರಿ ಮಾಡಿಕೊಟ್ಟು ಬಂದವನು ನಾನು, ನನ್ನ ಕೊಳದಾಚೆಯ ಹುಡುಗನನ್ನು ಹದಿನೆಂಟು ವರ್ಷ ಉಪವಾಸ ಕೆಡವಿದೆ.

ಮೊನ್ನೆ ಅಟ್ಟ ಹತ್ತಿ ಕಾಗದ ತೆಗೆದೆ. ಸತ್ತ ದಿನ 19 ಏಪ್ರಿಲ್ 1972, ಸ್ಥಳ ‘ದಕ್ಷಿಣದ ರಣರಂಗ’. ಹಳೆಯ ಪಂಚಾಂಗ ಬಿಡಿಸಿ ಲೆಕ್ಕ ಹಾಕಿದೆ. ಮೂರನೇ ತಿಂಗಳ ಆರನೇ ದಿನ. ಆಕೆ ಏಡಿ ಸಾರು ತಂದ ದಿನ. ಪಂಚಾಂಗ ಮುಚ್ಚಿಟ್ಟು ಬಿಸಿಲಿಗೆ ಹೋಗಿ ನಿಂತೆ.

ಈಗ ಆಕೆಗೆ ಹುಷಾರಿಲ್ಲ. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ. ಆಕೆ ಹೋದರೆ ತಾಕ್‌ನ ಹೆಸರು ಹಿಡಿದು ಕರೆಯಲು ಆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಹೇಳಿದರೆ ಆ ಮಾತೇ ಆಕೆಯನ್ನು ಕೊಂಡೊಯ್ದೀತು. ಹೇಳದಿದ್ದರೆ ಅವನು ಎಂದೆಂದಿಗೂ ಹಸಿದೇ ಇರುತ್ತಾನೆ. ನೀನು ನನ್ನ ಬೆನ್ನ ಮೇಲೆ ಬೆಳೆದವಳು, ಆದರೂ ಕೇಳುತ್ತೇನೆ. ನಾನೇನು ಮಾಡಲಿ?

ಲುಯೆನ್

* * *

ಹನ್ನೆರಡನೇ ಕಿಲೋಮೀಟರ್ ಕಲ್ಲು
18 ಜುಲೈ 1991

ಅಣ್ಣ,

ನಿಮ್ಮ ಕಾಗದವನ್ನು ಇವರಿಗೂ ಓದಿ ಹೇಳಿದೆ. ಮಕ್ಕಳು ಆಟಕ್ಕೆ ಹೋಗಿದ್ದರು.

ಗೊತ್ತಿದ್ದವರು ನೀವೊಬ್ಬರೇ ಅಲ್ಲ. ಆ ವರ್ಷ ಟೆಟ್‌ಗೆ ಮೊದಲು ಅಟ್ಟದ ಜೇಡರ ಬಲೆ ಹೊಡೆಯಲು ಅತ್ತಿಗೆ ನನ್ನನ್ನು ಹತ್ತಿಸಿದ್ದರು. ಬಿಸ್ಕತ್ತಿನ ಡಬ್ಬಿ ಅಲುಗಿದಾಗ ಗಂಟೆ ಶಬ್ದವಾಯಿತು. ತೆಗೆದು ನೋಡಿದೆ. ಮತ್ತೆ ಮುಚ್ಚಿಟ್ಟು ಇಳಿದು ಬಂದೆ. ನೀವು ಕೆಳಗೆ ಅಂಟು ಅಕ್ಕಿ ತೊಳೆಯುತ್ತಾ ಹಾಡು ಗುನುಗುತ್ತಿದ್ದಿರಿ. ನಿಮ್ಮ ಮುಖ ನೋಡಿ ನಾನೂ ಸುಮ್ಮನಾದೆ. ಅವನಿಗೂ ನನಗೂ ಏನಿತ್ತು ಎಂದು ನೀವು ಎಂದೂ ಕೇಳಲಿಲ್ಲ. ಈಗಲೂ ಕೇಳಬೇಡಿ.

ಅವನು ಬರೆದಿದ್ದ ಕೊನೆಯ ಕಾಗದದಲ್ಲಿ, ಇಲ್ಲಿನ ಕೆಂಪು ಮಣ್ಣು ಕಾಲಿಗೆ ಹತ್ತಿದರೆ ಹೋಗುವುದೇ ಇಲ್ಲ, ಇದೇ ಕಾಲಿನಲ್ಲಿ ಬಂದರೆ ಅಮ್ಮ ಒಳಗೆ ಬಿಡುತ್ತಾಳೋ ಇಲ್ಲವೋ ಎಂದಿತ್ತು. ಇವರ ಸಂಬಂಧ ಬಂದಾಗ, ಹುಡುಗ ಡಾಕ್ ಲಾಕ್‌ಗೆ ಹೋಗಿ ನೆಲೆಸುತ್ತಾನಂತೆ ಎಂದು ನೀವು ಹಿಂಜರಿದಿರಿ. ನಾನು ಆ ಮಾತು ಕೇಳಿಯೇ ಒಪ್ಪಿಕೊಂಡೆ.

ಡಬ್ಬಿ ನೋಡಿದ ಮರುದಿನದಿಂದ ಪ್ರತಿ ಮಧ್ಯಾಹ್ನ ಒಂದು ಬಟ್ಟಲು ಅನ್ನ ಹೊರಗಿಡುತ್ತಿದ್ದೆ. ಊರಿನಲ್ಲಿದ್ದಾಗ ಕೊಳದ ಮೆಟ್ಟಿಲಿನ ಮೇಲೆ, ಇಲ್ಲಿಗೆ ಬಂದಮೇಲೆ ಗುಡ್ಡದ ಮನೆಯ ಹಿಂದಿನ ಕಪ್ಪು ಬಂಡೆಯ ಮೇಲೆ. ಊದುಬತ್ತಿ ಹಚ್ಚಲಿಲ್ಲ, ಹೆಸರು ಹಿಡಿಯಲಿಲ್ಲ. ಅವನಿಗೆ ನಾನು ಏನಾಗಬೇಕೆಂದು ಹೆಸರು ಹಿಡಿಯಲಿ? ಬರೀ ಅನ್ನ. ನಾನು ಜ್ವರದಲ್ಲಿ ಬಿದ್ದಾಗ ಇವರು ಮರದ ಕಾಲಿನಲ್ಲೇ ಹೋಗಿ ಇಟ್ಟು ಬರುತ್ತಿದ್ದರು. ಅದು ಯಾರಿಗೆ ಎಂದು ಒಮ್ಮೆಯೂ ಕೇಳಲಿಲ್ಲ. ನೀವು ಹೆದರುವಷ್ಟು ಅವನು ಉಪವಾಸ ಇರಲಿಲ್ಲ ಅಣ್ಣ.

ಹೊಸ ಮನೆಗೆ ಬಂದದ್ದು ಚಾಂದ್ರಮಾನದ ಹನ್ನೆರಡನೇ ತಿಂಗಳ ಇಪ್ಪತ್ತಮೂರಕ್ಕೆ. ಹಿಂದೆ ಬಂಡೆಯಿಲ್ಲ, ಎದುರಿಗೆ ಲಾರಿಗಳು. ಇಷ್ಟು ವರ್ಷ ಆಯಿತು, ಇನ್ನು ಸಾಕು ಎಂದುಕೊಂಡು ನಿಲ್ಲಿಸಿದೆ. ಅವನಿಗೆ ಹೇಳಿಯೂ ಬರಲಿಲ್ಲ. ಅದಾದ ಹನ್ನೊಂದನೇ ದಿನಕ್ಕೆ ನಿಮ್ಮ ಪಾತ್ರೆಯಲ್ಲಿ ಅನ್ನ ಕಡಿಮೆಯಾಗಿದೆ. ‘ಮೂಳೆ ಒಯ್ಯೋರ ಯಾವ್ದೋ ಬಸ್ಸಿನ ಮೆಟ್ಟಿಲ ಮೇಲೆ ನಿಂತ್ಕೊಂಡು, ಅವರು ಸೇತುವೆ ಹೇಳೋದನ್ನ ಕೇಳ್ಕೊಂಡು ಹೋಗಿರ್ತಾನೆ’ ಎಂದರು ಇವರು. ನಗಲಿಲ್ಲ.

ಸತ್ತವರು ಕರೆಯದೆ ಸ್ವಂತ ಮನೆಗೂ ಹೋಗುವಂತಿಲ್ಲವಲ್ಲ. ಅದಕ್ಕೇ ಕಾಗದ ಇರುವ ಕಡೆ ಬಂದು ಕೂತಿದ್ದಾನೆ. ಅವನದನ್ನು ಅವನ ಮನೆಗೆ ಕೊಟ್ಟುಬಿಡಿ. ಏಳನೇ ತಿಂಗಳ ಹುಣ್ಣಿಮೆಯೊಳಗೆ ಕೊಡಿ. ಅಂದು ದಿಕ್ಕಿಲ್ಲದ ಆತ್ಮಗಳಿಗೆಲ್ಲ ಆಲದ ಎಲೆಯಲ್ಲಿ ಗಂಜಿ ಹೊಯ್ಯುತ್ತಾರೆ. ಅವನು ಆ ಸಾಲಿನಲ್ಲಿ ನಿಲ್ಲುವುದು ಬೇಡ.

ಮಿಯೆನ್

* * *

ಫೂ ಹಾ
27 ಆಗಸ್ಟ್ 1991

ತಂಗಿ ಮಿಯೆನ್,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕೇಳಬೇಡಿ ಎಂದೆ, ಕೇಳುವುದಿಲ್ಲ. ಜೌಗೆ ನನ್ನ ನಮಸ್ಕಾರ ಹೇಳು. ಅಣ್ಣನಾದವನು ತಂಗಿಯ ಗಂಡನಿಗೆ ಮಾಡುವ ನಮಸ್ಕಾರವಲ್ಲ, ಅದಕ್ಕಿಂತ ದೊಡ್ಡದು.

ಹುಣ್ಣಿಮೆಯ ದಿನವೇ ಹೋದೆ. ಅಲ್ಲಿಯವರೆಗೆ ಧೈರ್ಯ ಬರಲಿಲ್ಲ. ಗಂಟೆಗೆ ಎಣ್ಣೆ ಬಿಟ್ಟು ತುಕ್ಕು ಉಜ್ಜಿ ಸೈಕಲ್ಲಿಗೆ ಕಟ್ಟಿದೆ. ಲೊವಾನ್ ಚಹಾಪುಡಿ ಕೊಟ್ಟಳು. ನೆತ್ತಿಯ ಮೇಲೆ ಸೂರ್ಯ. ಓಣಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ವೆನ್ ನನ್ನ ಹಿಂದೆ ಬಂತು. ಹಿಂದೆ ಎಂದರೆ ನನ್ನ ಹಿಂದಲ್ಲ, ನನ್ನಿಂದ ಎರಡು ಮಾರು ಆಚೆ, ಇನ್ನೊಬ್ಬರ ಪಕ್ಕದಲ್ಲಿ ನಡೆಯುವ ಹಾಗೆ, ಆಗಾಗ ಮೇಲೆ ನೋಡುತ್ತಾ. ತಿರುವಿನಲ್ಲಿ ಗಂಟೆ ಬಾರಿಸಿದೆ.

ತಾಕ್‌ನ ಅಮ್ಮ ಹೊಸಿಲಿನಲ್ಲಿ ಕೂತು ವೀಳ್ಯ ಕುಟ್ಟುತ್ತಿದ್ದರು. ಹಾಸಿಗೆ ಹಿಡಿದವರು ಅಂದು ಎದ್ದು, ಮಿಂದು, ಕಂದು ಅಂಗಿ ತೊಟ್ಟು ತಯಾರಾಗಿದ್ದರು.

‘ಬಾ ಲುಯೆನ್. ಗಂಟೆ ಕಟ್ಟಿದ್ಯಾ?’

‘ಕಟ್ಟಿದೀನಿ ಅಕ್ಕ.’

‘ತ್ವೆಯ ಕಾಗದ ತಂದಾಗ ಇತ್ತು. ಆ ಕೊಯ್ಲು ಮುಗಿಯೋ ಹೊತ್ತಿಗೆ ಇರಲಿಲ್ಲ. ಆಗ್ಲೇ ಅಂದ್ಕೊಂಡೆ, ಇವನ ಹತ್ರ ನಂದು ಇನ್ನೊಂದಿದೆ ಅಂತ.’

ಸೈಕಲ್ ಹಿಡಿದುಕೊಂಡೇ ನಿಂತುಬಿಟ್ಟೆ. ಮತ್ತೆ ಯಾಕೆ ಕೇಳಲಿಲ್ಲ ಎಂದೆ.

‘ಹೆತ್ತೋಳ ಬಾಯಲ್ಲಿ ಅದನ್ನ ಕೇಳಬಾರದು ಕಣೋ. ಕೇಳಿದ್ರೆ ನಾನೇ ಕೊಂದ ಹಾಗೆ. ತಂದೋನು ತಾನಾಗಿ ಹೇಳಬೇಕು. ನೀನು ಪ್ರತಿ ಕೊಯ್ಲಿಗೂ ಈ ತಿರುವಿನ ತನಕ ಬಂದು ವಾಪಸ್ ಹೋಗ್ತಿದ್ದೆ. ಪಾಪ, ಇವನಿಗೆ ಇನ್ನೂ ತಡ್ಕೊಳೋ ಶಕ್ತಿ ಬಂದಿಲ್ಲ, ಇನ್ನೊಂದು ಕೊಯ್ಲು ಹೋಗ್ಲಿ ಅಂತ ನಾನೂ ಕಾದೆ.’

ಇಷ್ಟು ವರ್ಷ ನಾನು ಆಕೆಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ ಮಿಯೆನ್.

ನಿಂತು ಕಾಗದ ಓದಿದೆ. ಆಕೆ ವೀಳ್ಯ ಕುಟ್ಟುತ್ತಲೇ ಕೇಳಿದರು. ದಿನಾಂಕವನ್ನು ಇನ್ನೊಮ್ಮೆ ಓದಿಸಿ, ಬೆರಳ ಗೆಣ್ಣುಗಳ ಮೇಲೆ ಎಣಿಸಿ, ‘ಆರನೇ ದಿನ. ಏಡಿ ಸಾರಿನ ದಿನ’ ಎಂದರು. ಆಮೇಲೆ ಒಳಗೆ ಹೋಗಿ ತಟ್ಟೆ ತಂದರು, ಅದು ಆಗಲೇ ಸಿದ್ಧವಾಗಿತ್ತು. ತುಂಬಿದ ಅನ್ನದ ಬಟ್ಟಲು, ನಡುವೆ ನೆಟ್ಟಗೆ ಚುಚ್ಚಿದ ಊಟದ ಕಡ್ಡಿಗಳು, ಸುಲಿದ ಮೊಟ್ಟೆ, ಏಡಿ ಸಾರು, ಉಪ್ಪಿನಲ್ಲಿ ಹಾಕಿದ ಪುಟ್ಟ ಬದನೆ. ಪೀಠದ ಮೇಲೆ ತ್ವೆಯ ಪಕ್ಕದಲ್ಲಿ ಜಾಗ ಮಾಡಿದರು. ಊದುಬತ್ತಿ ಹಚ್ಚಿ, ಅಂಗಳದ ಕಡೆ ತಿರುಗಿ, ಕೊಳದಲ್ಲಿ ಈಜುವ ಹುಡುಗನನ್ನು ಊಟಕ್ಕೆ ಕೂಗುವ ಹಾಗೆ ಕೂಗಿದರು: ‘ತಾಕ್, ಬಾರಪ್ಪ. ಕಾಲು ತೊಳೀದಿದ್ರೂ ಪರವಾಗಿಲ್ಲ, ಹಾಗೇ ಬಾ.’

ಕಾಲಿನ ಮಾತು ಅವನು ನಿನಗೆ ಬರೆದದ್ದು. ಆಕೆಗೆ ಯಾರು ಹೇಳಿದರು?

ಗಾಳಿಯಿರಲಿಲ್ಲ, ಆದರೂ ಊದುಬತ್ತಿಯ ಹೊಗೆ ಬಾಗಿ ಬಾಗಿಲ ಕಡೆ ಹೋಯಿತು, ಮತ್ತೆ ಒಳಗೆ ಬಂತು. ವೆನ್ ಹೊಸಿಲಿನ ತನಕ ಬಂದು ಕೂತಿತು, ಒಳಗೆ ಬರಲಿಲ್ಲ. ಅನ್ನದ ಹಬೆ ಒಮ್ಮೆಲೇ ನಿಂತಿತು. ಆಕೆ ಬಹಳ ಹೊತ್ತು ತಲೆ ಒಂದು ಕಡೆ ವಾಲಿಸಿ, ಪಕ್ಕದಲ್ಲಿ ಉಣ್ಣುತ್ತಿರುವವರ ಮಾತು ಕೇಳುವ ಹಾಗೆ ಕೂತಿದ್ದರು. ನಡುವೆ ಒಮ್ಮೆ ನಕ್ಕರು, ಆ ಕಪ್ಪು ಹಲ್ಲು ಕಂಡು ಎಷ್ಟು ವರ್ಷವಾಗಿತ್ತೋ. ಕೊನೆಗೆ ನನ್ನ ಕಡೆ ತಿರುಗಿದರು.

‘ಹೊಟ್ಟೆ ತುಂಬಾ ತಿಂದ. ನಿಮ್ಮ ಮಿಯೆನ್ ಬಳಿ ಒಂದ್ಸಲ ಹೋಗಿ ಬರ್ತಾನಂತೆ. ಮದ್ವೆಯಾದೋಳು, ಇಬ್ಬರು ಮಕ್ಕಳ ತಾಯಿ, ಸುಮ್ಮನಿರೋ ಅಂದೆ. ಗೊತ್ತು ಅಂದ. ಅಷ್ಟು ವರ್ಷ ಅನ್ನ ಹಾಕಿದೋಳಿಗೆ ಹೇಳದೇ ಬಂದ್ಬಿಟ್ಟೆ, ಹೇಳಿ ಬರ್ತೀನಿ ಅಂದ.’

ನಿನ್ನ ಬಟ್ಟಲಿನ ವಿಷಯ ನಾನು ಆಕೆಗೆ ಹೇಳಿರಲಿಲ್ಲ. ಲೊವಾನ್‌ಗೂ ಹೇಳಿರಲಿಲ್ಲ. ನಿನ್ನ ಕಾಗದ ನನ್ನ ಎದೆಯ ಜೇಬಿನಲ್ಲೇ ಇತ್ತು.

ಅಂದಿನಿಂದ ನಮ್ಮ ಪಾತ್ರೆಯಲ್ಲಿ ಅನ್ನ ಸರಿಯಾಗಿದೆ. ಮೊದಲ ದಿನ ಮಿಕ್ಕಿದ್ದನ್ನು ನೋಡಿ ಲೊವಾನ್ ಕಣ್ಣು ಒರೆಸಿಕೊಂಡಳು. ತಾಕ್‌ನ ಅಮ್ಮ ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಾರೆ. ಸೋಮವಾರ ಊರ ಕಚೇರಿಗೆ ಹೋಗಿ, ತಪ್ಪು ನನ್ನದೆಂದು ಬರೆದುಕೊಟ್ಟು, ಅವನ ಹೆಸರು ಸೇರಿಸಲು ಅರ್ಜಿ ಹಾಕಿದೆ.

ಇವತ್ತು ಮಧ್ಯಾಹ್ನ ಅವನು ಹೊರಟ. ತಾಕ್‌ನ ಅಮ್ಮ ಹೇಳಿ ಕಳಿಸಿದರು, ನಾನು ಬಸ್ಸಿನ ರಸ್ತೆಯವರೆಗೂ ಹೋದೆ. ಅಂದು ಯುದ್ಧಕ್ಕೆ ಹೋಗುವಾಗ ಅವನಿಗೆ ದಾರಿ ಹೇಳಿದವರು ಯಾರೂ ಇರಲಿಲ್ಲ, ಈ ಸಲ ನಾನು ಹೇಳಿದೆ. ಮೊದಲು ದೋಣಿ, ಆಮೇಲೆ ಹಾಮ್ ರೋಂಗ್ ಸೇತುವೆ, ಆಮೇಲೆ ಬೆನ್ ತುಯ್‌ನ ಹೊಸ ಸೇತುವೆ. ಆಗ ಉತ್ತರ ದಕ್ಷಿಣಗಳ ಗಡಿಯಾಗಿದ್ದ ಹಿಯೆನ್ ಲುವಾಂಗ್ ಸೇತುವೆ ಬಂದಾಗ ಬಗ್ಗಿ ನಡೆಯಬೇಕಿಲ್ಲ, ಈಗ ಅಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ ಎಂದೆ. ಗಟ್ಟಿಯಾಗಿ ಹಿಡಿದುಕೋ ಎಂದೆ. ಎಳನೀರು ಮಾರುವವಳು ನನ್ನನ್ನೇ ನೋಡುತ್ತಿದ್ದಳು. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ಕಾದು ಬಾಗಿಲು ಹಾಕಿಕೊಂಡ.

ಈ ಕಾಗದಕ್ಕಿಂತ ಅವನೇ ಮೊದಲು ಬಂದಿರಬಹುದು. ನಿನ್ನ ಪಾತ್ರೆಯಲ್ಲಿ ಆಗಲೇ ಒಂದು ಬಟ್ಟಲು ಕಡಿಮೆಯಾಗಿದ್ದರೆ ಹೆದರಬೇಡ, ಮಕ್ಕಳನ್ನು ಬೈಯಬೇಡ. ರಸ್ತೆ ಮನೆಯಾದರೇನು, ಜೌನ ಜೊತೆ ಕೂರಿಸಿ ಬಡಿಸು. ಒಂದೇ ಸಲ ಮಿಯೆನ್. ಎರಡನೇ ಸಲ ಬಡಿಸಬೇಡ, ಇಲ್ಲಿ ಅವನ ಅಮ್ಮ ದಿನಾ ಬಟ್ಟಲಿಟ್ಟು ಕಾಯುತ್ತಾರೆ. ಹೊರಡುವಾಗ ಸೇತುವೆಗಳ ಹೆಸರನ್ನು ನೀನೇ ಹೇಳು, ನನ್ನ ಬಾಯಿಗಿಂತ ನಿನ್ನ ಬಾಯಿಯಿಂದ ಬಂದರೆ ಅವನಿಗೆ ಚೆನ್ನಾಗಿ ನೆನಪಿರುತ್ತದೆ.

ಬಂದನೋ, ಉಂಡನೋ, ಯಾವ ದಿನ ಹೊರಟನೋ, ಅಕ್ಷರಕ್ಕೊಂದು ಹಲ್ಲು ಹೋದರೂ ಸರಿ, ಬೇಗ ಬರೆ. ಇಲ್ಲಿ ಅನ್ನ ಆರುತ್ತಿದೆ.

ನಿನ್ನ ಅಣ್ಣ,
ಲುಯೆನ್